ದುಂಡು ಮೊಹರು ಸಹಿತ

ಕುರುಗೋಡು ಕಾಲೇಜಿನ ಜವಾನ ಪಾಲಯ್ಯ ಮೊಹರನ್ನು ಕೈಗೆ ಕೊಡಲಿಲ್ಲ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಅದರ ಮುಖ ಉಜ್ಜಿದ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮತ್ತೆ ಉಜ್ಜಿದ.

"ಹಂಗೇ ಕೊಡ್ರಿ ಪಾಲಯ್ಯ. ನಡೀತೈತಿ," ಎಂದ ಸುಭಾಷ್.

"ಮಸಿ ಮೆತ್ತಿದ್ದನ್ನ ಹೆಂಗ ಕೊಡ್ಲಿ ಸಾರ್? ಇಪ್ಪತ್ತೆರಡು ವರ್ಷ ನನ್ನ ಕೈಯಾಗ ಇದ್ದದ್ದು. ಹೋದಲ್ಲಿ ಯಾರಾರ ನೋಡಿದ್ರ, ಕುರುಗೋಡಿನವ್ರು ಹಿಂಗ ಇಟ್ಟಿದ್ರೇನಂತಾರ."

ಹೋದಲ್ಲಿ ಯಾರೂ ನೋಡುವುದಿಲ್ಲ ಎಂಬುದು ಸುಭಾಷ್‌ಗೆ ಗೊತ್ತಿತ್ತು. ಹಸ್ತಾಂತರ ಪಟ್ಟಿಯ 'ಸಮಯ' ಎಂಬ ಅಂಕಣದಲ್ಲಿ ಹನ್ನೊಂದು ಇಪ್ಪತ್ತು ಎಂದು ಆಗಲೇ ಬರೆದಿದ್ದ. ಗೋಡೆಯ ಗಡಿಯಾರ ಹನ್ನೊಂದು ಮೂವತ್ತೈದು ತೋರಿಸುತ್ತಿತ್ತು. ಅಂದರೆ ಕಾಲು ಗಂಟೆಯಿಂದ ಮೊಹರು ಸುಭಾಷ್‌ನ ವಶದಲ್ಲಿತ್ತು. ಪಾಲಯ್ಯನಿಗೆ ಮಾತ್ರ ಅದು ತಿಳಿದಿರಲಿಲ್ಲ. ಇಂಥ ಸಣ್ಣಪುಟ್ಟ ಸಂಗತಿಗಳು ಇತ್ತೀಚೆಗೆ ಸುಭಾಷ್‌ಗೆ ನಗು ತರಿಸುತ್ತಿದ್ದವು. ನಗು ಮುಖದ ತನಕ ಬರುತ್ತಿರಲಿಲ್ಲ, ಅಷ್ಟೆ.

ಕೊನೆಗೆ ಪಾಲಯ್ಯ ಕೊಟ್ಟ. ಎರಡೂ ಕೈಯಿಂದ ಕೊಟ್ಟ. ಸುಭಾಷ್ ಅದನ್ನು ಕಂದು ಕವರಿನಲ್ಲಿ ಹಾಕಿ, ಬಾಯಿಗೆ ಅಂಟು ಹಚ್ಚಿ, ಅಂಟಿದ ಗೆರೆಯ ಮೇಲೆ ಸಹಿ ಮಾಡಿದ. ಅದರ ಪಕ್ಕದಲ್ಲಿ ಪಾಲಯ್ಯ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ಬೆಳಗಿನಿಂದ ಇದು ಏಳನೆಯ ಕವರು. ಏಳು ಕಾಲೇಜಿನ ಏಳು ಮೊಹರು ಒಂದು ಬಟ್ಟೆಯ ಚೀಲದಲ್ಲಿ ಒಂದಕ್ಕೊಂದು ತಾಗುತ್ತಿದ್ದವು.

"ನನಗೊಂದು ರಸೀದಿ ಬ್ಯಾಡೇನ್ರಿ?"

"ಜೆರಾಕ್ಸ್ ಕಳಿಸ್ತೀನಿ."

ಕಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸುಭಾಷ್ ಬಳ್ಳಾರಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಸಹ ಪ್ರಾಧ್ಯಾಪಕ. ಎಂಟು ತಿಂಗಳಿಂದ ಪಾಠ ಮಾಡಿಲ್ಲ. ಅದೇ ಊರಿನ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ತೆರೆದಿದ್ದ ಪುನರ್ರಚನಾ ಕೋಶಕ್ಕೆ ಅವನನ್ನು ನಿಯೋಜನೆಯ ಮೇಲೆ ಕಳಿಸಿದ್ದರು. ರಾಜ್ಯದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳ ಆಡಳಿತವನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿಯುವ ಕೆಲಸ. ಆದೇಶಗಳು ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅವನ್ನು ಕನ್ನಡಕ್ಕೆ ಇಳಿಸುವುದು ಸುಭಾಷ್‌ನ ಪಾಲಿಗೆ ಬಂದಿತ್ತು. ಅವನ ಕನ್ನಡ ಚೆನ್ನಾಗಿದೆ ಎಂದು ಕೋಶದ ನಿರ್ದೇಶಕರ ಕಿವಿಗೆ ಯಾರೋ ಹಾಕಿದ್ದರು. ಅದು ನಿಜವೂ ಆಗಿತ್ತು.

ಆರೇಳು ಕಾಲೇಜು ಸೇರಿಸಿ ಒಂದು 'ಕ್ಲಸ್ಟರ್' ಎಂದು ಕರಡಿನಲ್ಲಿತ್ತು. ಗುಂಪು ಎನ್ನೋಣ ಎಂದರು ಒಬ್ಬರು. ಗುಂಪು ಎಂದರೆ ಗಲಾಟೆಯ ವಾಸನೆ. ಸಮೂಹ ಎಂದರೆ ಸಹಕಾರ ಸಂಘದ ವಾಸನೆ. ಸುಭಾಷ್ 'ಗುಚ್ಛ' ಎಂದ. ನಿರ್ದೇಶಕರು ಮೇಜು ತಟ್ಟಿದರು. ಅಂದಿನಿಂದ ರಾಜ್ಯದಲ್ಲಿ ಎಲ್ಲೆಲ್ಲೂ ಗುಚ್ಛ. ಪ್ರತಿ ಗುಚ್ಛಕ್ಕೊಂದು ಮಾತೃ ಕಾಲೇಜು, ಉಳಿದವು ಘಟಕ. ಘಟಕಕ್ಕೆ ಪ್ರಾಂಶುಪಾಲರಿಲ್ಲ, ಪ್ರವೇಶ ಪುಸ್ತಕವಿಲ್ಲ, ಮೊಹರಿಲ್ಲ. ಸಿರುಗುಪ್ಪದ ಕಾಲೇಜು ತಾಯಿಯಾಯಿತು. ಕುರುಗೋಡಿನ ಸರ್ಕಾರಿ ಮಹಿಳಾ ಕಾಲೇಜು ಘಟಕ ಆರು ಆಯಿತು. ಬರುವ ಜೂನ್‌ನಿಂದ ಹೊಸ ಹುಡುಗಿಯರು ಸೇರಬೇಕಾದರೆ ಸಿರುಗುಪ್ಪಕ್ಕೇ ಹೋಗಬೇಕು. ಈಗ ಒಳಗಿರುವವರು ಓದು ಮುಗಿಸಿ ಹೊರಬಿದ್ದ ಮೇಲೆ ಇಲ್ಲಿ ಬೀಗ ಬೀಳುತ್ತದೆ. ಬೀಗ ಎಂದು ಸುಭಾಷ್ ಬರೆದಿರಲಿಲ್ಲ. 'ಕಟ್ಟಡದ ಸದ್ಬಳಕೆ' ಎಂದು ಬರೆದಿದ್ದ.

ಬೆಳಿಗ್ಗೆ ಎಂಟಕ್ಕೇ ಅವನು ಸಿರುಗುಪ್ಪದಲ್ಲಿದ್ದ. ಅಲ್ಲಿ ಹಾರ ಹಾಕಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟರು; ಗುಚ್ಛದ ಹೊಸ ಮೊಹರು ಬರುವುದಿದ್ದರಿಂದ ಹಳೆಯದನ್ನೂ ಕೊಟ್ಟರು. ತಾಯಿಯಾಗುವವರಿಗೆ ಆಕ್ಷೇಪಣೆ ಯಾಕೆ ಇರುತ್ತದೆ? ಸುತ್ತಲಿನ ಐದು ಕಾಲೇಜಿನವರೂ ಅಲ್ಲಿಗೇ ಮೊಹರು ತಂದುಕೊಟ್ಟು, ಮಿರ್ಚಿ ತಿಂದು ಹೋದರು. ಉಳಿದದ್ದು ಕುರುಗೋಡು ಒಂದೇ.

ಸಭೆ ಹನ್ನೆರಡಕ್ಕೆ ಶುರುವಾಯಿತು. ವಿರೂಪಮ್ಮ ಒಂಬತ್ತು ವರ್ಷದಿಂದ ಪ್ರಭಾರ ಪ್ರಾಂಶುಪಾಲೆ. ಯಾವತ್ತು ಬೇಕಾದರೂ ಎದ್ದು ಬಿಟ್ಟುಕೊಡಬೇಕಾದ ಕುರ್ಚಿಯಾದ್ದರಿಂದ ಅದರ ತುದಿಯಲ್ಲೇ ಕೂರುವ ಅಭ್ಯಾಸ ಅವರಿಗೆ. ಎದುರಿಗೆ ನಾಲ್ವರು ಅತಿಥಿ ಉಪನ್ಯಾಸಕರು. ಬಾಗಿಲಲ್ಲಿ ಪಾಲಯ್ಯ.

ಸುಭಾಷ್ ಆದೇಶ ಓದಿದ. ತನ್ನ ವಾಕ್ಯಗಳನ್ನು ತಾನೇ ಗಟ್ಟಿಯಾಗಿ ಓದುವಾಗ ಅವನಿಗೆ ಒಳಗೊಳಗೆ ಹಿತವಾಗುತ್ತಿತ್ತು. ಓದಿ ಮುಗಿಸಿ, ಅಭಿಪ್ರಾಯ ಹೇಳಿ ಎಂದ.

ಫ್ಯಾನು ತಿರುಗುತ್ತಿತ್ತು.

"ನಾವೇನ್ ಹೇಳೋದೈತ್ರಿ," ಎಂದರು ವಿರೂಪಮ್ಮ. "ಆತು ಬಿಡ್ರಿ."

"ಆತು ಬಿಡ್ರಿ ಸಾರ್," ಎಂದ ಇನ್ನೊಬ್ಬ.

ಸುಭಾಷ್ ಹಚ್ಚೊಳ್ಳಿಯವನು. 'ಆತು ಬಿಡ್ರಿ' ಎಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಪ್ಪಿಗೆ ಇದೆ ಎಂದೂ ಆಗುತ್ತದೆ. ಮುಗಿದುಹೋಯಿತು ಎಂದೂ ಆಗುತ್ತದೆ. ನಿಮ್ಮ ಹತ್ತಿರ ಮಾತಾಡಿ ಏನು ಬಂತು ಎಂದೂ ಆಗುತ್ತದೆ. ಅವನ ತಾಯಿ ಯಂಕಮ್ಮ ಈ ಮಾತನ್ನು ಸಾಯುವ ತನಕ ಅಂದಿದ್ದಳು; ಒಂದು ಸಲವೂ ಒಪ್ಪಿಗೆಯ ಅರ್ಥದಲ್ಲಿ ಅಂದಿರಲಿಲ್ಲ. ಆದರೆ ಸಭೆಯ ನಡಾವಳಿಯಲ್ಲಿ ಇದ್ದದ್ದು ಎರಡೇ ಅಂಕಣ, ಒಪ್ಪಿಗೆ ಮತ್ತು ಆಕ್ಷೇಪಣೆ. ಸುಭಾಷ್ ಮೊದಲನೆಯದರಲ್ಲಿ 'ಸರ್ವಸಮ್ಮತಿ' ಎಂದು ಬರೆದ. ಅಕ್ಷರ ದುಂಡಗೆ ಬಂತು.

"ಸಾರ್, ನಂದೊಂದೈತ್ರಿ."

ಹೇಮಾ ಎದ್ದು ನಿಂತಿದ್ದಳು. ಇತಿಹಾಸದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಇಲ್ಲಿಗೆ ಅತಿಥಿ. ಹಚ್ಚೊಳ್ಳಿಯಲ್ಲಿ ಸುಭಾಷ್‌ನ ಮನೆಯಿಂದ ಮೂರನೆಯ ಮನೆ ಅವಳದು. ಚಿಕ್ಕವಳಿದ್ದಾಗ ಸುಭಾಷಣ್ಣ ಎನ್ನುತ್ತಿದ್ದಳು. ಈಗ ಸಾರ್. ಅದರಿಂದ ಅವನಿಗೆ ಸಮಾಧಾನವೇ ಆಗಿತ್ತು.

ಅವಳು ಮಡಚಿದ ಕಾಗದಗಳನ್ನು ಮೇಜಿನ ಮೇಲಿಟ್ಟಳು. ಮೇಲಿನ ಹಾಳೆಯಲ್ಲಿ ಕೈಬರಹ, ಕೆಳಗಿನ ಮೂರರಲ್ಲಿ ಬರೀ ಸಹಿ. ನೂರಾ ಎಂಬತ್ತಾರು ಸಹಿ. ಬಿಚ್ಚಿದ ಕೂಡಲೆ ಸುಭಾಷ್‌ಗೆ ಎರಡು ಸಲ ಸೀನು ಬಂತು.

"ಮೆಣಸಿನಕಾಯಿ ಖಾರ ಸಾರ್. ಹುಡುಗೇರು ಹೊಲದಾಗ ಬಿಡಿಸ್ತಿದ್ರು. ಅಲ್ಲೇ ಹೋಗಿ ಹಾಕಿಸ್ಕಂಡು ಬಂದೀನಿ."

ಅದು ಆಕ್ಷೇಪಣೆಯ ಪತ್ರ. ಒಂದು ಕಾಲೇಜು ಇವತ್ತು ಸಂಜೆ ಐದರೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಅದರ ಹೆಸರು ಮರುಪರಿಶೀಲನಾ ಪಟ್ಟಿಗೆ ಹೋಗುತ್ತದೆ. ಮೂರು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಆದೇಶದ ಏಳನೆಯ ಕಂಡಿಕೆ ಅದು. ಇಡೀ ರಾಜ್ಯದಲ್ಲಿ ಅದನ್ನು ಯಾರೂ ಓದಿದಂತಿರಲಿಲ್ಲ. ಹೇಮಾ ಓದಿದ್ದಳು. ಕೈಬರಹದ ಹಾಳೆಯ ಕೊನೆಗೆ ವಿರೂಪಮ್ಮನವರ ಸಹಿಯಿತ್ತು.

ಸುಭಾಷ್ ಅವರತ್ತ ನೋಡಿದ. "ಈಗ ತಾನೇ ಆತು ಬಿಡ್ರಿ ಅಂದ್ರಲ್ಲ ಮೇಡಂ?"

ವಿರೂಪಮ್ಮ ಸೆರಗು ಸರಿಮಾಡಿಕೊಂಡರು. "ಅದು ಬಾಯಿ ಮಾತ್ರಿ. ಇದು ಸಹಿ."

"ಮೊಹರೊಂದು ಉಳದೈತಿ," ಎಂದಳು ಹೇಮಾ. "ಪಾಲಯ್ಯ ಮಾವ, ತರ್ರಿ."

ಬಾಗಿಲಲ್ಲಿದ್ದ ಪಾಲಯ್ಯ ಸುಭಾಷ್‌ನ ಚೀಲದ ಕಡೆ ಕೈ ತೋರಿಸಿದ. "ಕೊಟ್ಟುಬಿಟ್ಟೆನಲ್ಲವ್ವ. ಈಗ ತಾನ."

ಹೇಮಾ ಆದೇಶದ ಪ್ರತಿಯನ್ನು ಬಿಡಿಸಿದಳು. ಬೆರಳಿಟ್ಟು ಓದಿದಳು: "ಕಂಡಿಕೆ ನಾಕು. ಎಲ್ಲಾ ಕಾಲೇಜುಗಳು ತಮ್ಮ ಮೊಹರನ್ನು ಇದೇ ದಿನಾಂಕದಂದು ಒಪ್ಪಿಸತಕ್ಕದ್ದು. ಕಂಡಿಕೆ ಏಳು. ಆಕ್ಷೇಪಣೆಗಳನ್ನು ಇದೇ ದಿನಾಂಕದಂದು, ಕಾಲೇಜಿನ ದುಂಡು ಮೊಹರು ಸಹಿತ ಸಲ್ಲಿಸತಕ್ಕದ್ದು." ತಲೆಯೆತ್ತಿದಳು. "ಮೊದ್ಲು ಯಾವ್ದು ಅಂತ ಬರದಿಲ್ಲ ಸಾರ್."

ಬರೆದಿರಲಿಲ್ಲ. ಸುಭಾಷ್‌ಗೆ ಆಗಲೇ ಅದು ಹೊಳೆದದ್ದು. ಇಂಗ್ಲಿಷ್ ಕರಡಿನಲ್ಲಿ ಮೊಹರಿನ ಮಾತೇ ಇರಲಿಲ್ಲ. 'ಡ್ಯೂಲಿ ಅಥೆಂಟಿಕೇಟೆಡ್' ಎಂದಷ್ಟೇ ಇತ್ತು. ದೃಢೀಕರಿಸಿದ ಎಂದು ಬರೆದರೆ ಸಾಕಾಗುತ್ತಿತ್ತು. ಅವನಿಗೆ ಅದು ಸಪ್ಪೆ ಎನಿಸಿತ್ತು. 'ದುಂಡು ಮೊಹರು ಸಹಿತ' ಎಂದಾಗ ವಾಕ್ಯಕ್ಕೊಂದು ತೂಕ ಬಂತು, ಒಂದು ಲಯ ಬಂತು. ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಜಯಶ್ರೀಗೆ ಅದನ್ನು ಓದಿ ಹೇಳಿದ್ದ ಕೂಡ. ಅವಳು ಚೆನ್ನಾಗಿದೆ ಎಂದಿದ್ದಳು.

"ಒಂದ್ಸಲ ಒತ್ತಿ ಕೊಡ್ರಿ ಸಾರ್. ನಿಮ್ಮ ಚೀಲದಾಗೇ ಐತಿ."

"ಅಂಟಿಸಿ ಸಹಿ ಆಗಿದೆ."

"ಹರೀರಿ. ಇನ್ನೊಂದ್ಸಲ ಅಂಟಿಸಿದ್ರಾತು."

"ಕೇಳಿ ನೋಡಬೇಕಾಗುತ್ತದೆ."

ಇಂಥ ಹೊತ್ತಿನಲ್ಲಿ ಅವನ ಬಾಯಲ್ಲಿ ಬರುವುದು ಪುಸ್ತಕದ ಕನ್ನಡ. ಎಲ್ಲಿಂದ ಬರುತ್ತದೋ ಅವನಿಗೂ ಗೊತ್ತಿರಲಿಲ್ಲ. ಅದು ಬಂದ ಕೂಡಲೆ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿದಂತೆ ಕಾಣುತ್ತಿದ್ದರು. ಹೇಮಾ ಸರಿಯಲಿಲ್ಲ.

ನಿರ್ದೇಶಕರು ಮೀಟಿಂಗಿನಲ್ಲಿದ್ದರು. ಫೋನು ಸಿಕ್ಕಿದ್ದು ಎರಡೂವರೆಗೆ. ಸುಭಾಷ್ ಅಂಗಳದ ಬೇವಿನ ಮರದ ಕೆಳಗೆ ಹೋಗಿ ಮಾತಾಡಿದ. ಎಲ್ಲ ಕೇಳಿಸಿಕೊಂಡು ನಿರ್ದೇಶಕರು ನಕ್ಕರು.

"ಏಳನೇದು ನೀವೇ ಬರೆದದ್ದಲ್ವಾ ಸುಭಾಷ್? ಏನ್ರೀ, ಅದ್ಭುತವಾಗಿದೆ. ನೊಣ ಕೂಡ ಹೊರಗೆ ಹೋಗೋಕಾಗಲ್ಲ."

"ಅದು ಉದ್ದೇಶಪೂರ್ವಕ ಅಲ್ಲ ಸರ್."

"ಅದಕ್ಕೇ ಚೆನ್ನಾಗಿರೋದು."

"ಕವರು ತೆರೆದು ಒಂದು ಸಲ ಒತ್ತಿದರೆ..."

"ನೋಡಿ, ನಾನು ಬೇಡ ಅನ್ನಲ್ಲ, ಬೇಕು ಅಂತಾನೂ ಅನ್ನಲ್ಲ. ನಿಮ್ಮ ವಿವೇಚನೆ. ಗುಚ್ಛ ಸಂಯೋಜಕರ ಪಟ್ಟಿ ನಾಳೆ ಸಹಿಗೆ ಹೋಗ್ತಾ ಇದೆ, ನಿಮ್ಮ ಹೆಸರೂ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸುಮ್ಮನೆ ಹೇಳಿದೆ."

ಬೇಡ ಎಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದುಕೊಂಡ ಸುಭಾಷ್. ಐವತ್ತೊಂದು ವರ್ಷದಲ್ಲಿ ಅವನ ವಿವೇಚನೆಗೆ ಯಾರೂ ಏನನ್ನೂ ಬಿಟ್ಟಿರಲಿಲ್ಲ. ಬಿಟ್ಟವರ ಮೇಲೆ ಸಿಟ್ಟು ಬಂತು.

"ಬಳ್ಳಾರಿಯಲ್ಲಿ ನೋಡೋಣ. ಕಾಗದ ಕೊಡಿ," ಎಂದ ಒಳಗೆ ಬಂದು.

"ನಾನೂ ಬರ್ತೀನ್ರಿ," ಎಂದಳು ಹೇಮಾ.

ಕಾರಿನ ಹಿಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ಮೊಹರಿನ ಚೀಲ. ತಗ್ಗು ಸಿಕ್ಕಾಗಲೆಲ್ಲ ಒಳಗಿನವು ಕಟಕಟ ಎನ್ನುತ್ತಿದ್ದವು. ಗುಡ್ಡದ ಬಂಡೆಗಳು ಹಿಂದೆ ಸರಿದವು. ರಸ್ತೆಯ ಮಗ್ಗುಲಿನ ಕಣಗಳಲ್ಲಿ ಮೆಣಸಿನಕಾಯಿ ಹರವಿದ್ದರು. ಡ್ರೈವರ್ ಹನುಮೇಶ್ ಗಾಜು ಏರಿಸಿದ.

"ಹುಡುಗೇರು ಎಂಟಕ್ಕ ಬರ್ತಾರ, ಒಂದಕ್ಕ ಬಿಡ್ತೀವಿ," ಎಂದಳು ಹೇಮಾ, ಯಾರೂ ಕೇಳದಿದ್ದರೂ. "ಮಧ್ಯಾಹ್ನದ ಮ್ಯಾಲ ಕೂಲಿಗೆ ಹೋಗ್ತಾರ. ಅದಕ್ಕ ಅಪ್ಪಂದ್ರು ಸುಮ್ನ ಅದಾರ. ಸಿರುಗುಪ್ಪಕ್ಕ ಹೋದ್ರ ವಾಪಸ್ ಬರಾಕ ಸಂಜಿ ಆಗ್ತೈತಿ. ಕೂಲಿನೂ ಹೋತು, ಕಾಲೇಜೂ ಹೋತು. ಯಾರು ಕಳಸ್ತಾರ?"

"ಬಸ್ ಪಾಸ್ ಇದೆಯಲ್ಲ."

"ಪಾಸ್ ಐತಿ. ಬಸ್ ಇಲ್ಲ." ಅವನತ್ತ ತಿರುಗಿ ಕೇಳಿದಳು: "ನೀವು ಹಚ್ಚೊಳ್ಳಿಯಿಂದ ಹೆಂಗ ಹೋಗ್ತಿದ್ರಿ ಕಾಲೇಜಿಗೆ?"

"ಸಿಕ್ಕಿದ ಟ್ರ್ಯಾಕ್ಟರ್ ಹತ್ತಿ."

"ಹುಡುಗೇರು ಸಿಕ್ಕಿದ ಟ್ರ್ಯಾಕ್ಟರ್ ಹತ್ತಂಗಿಲ್ಲಲ್ರಿ."

ಅವನ ಫೋನು ಬಡಿದುಕೊಂಡಿತು. ಜಯಶ್ರೀ. ಮಗಳು ನಂದಿನಿಯ ಕಾಲೇಜಿನಲ್ಲಿ ನಾಲ್ಕಕ್ಕೆ ಪೋಷಕರ ಸಭೆ, ಬರುತ್ತೀರಾ ಎಂದು ಕೇಳಿದಳು. ನೋಡ್ತೀನಿ ಎಂದ. ನೋಡ್ತೀನಿ ಅಂದ್ರ ಬರಲ್ಲ ಅಂತ ಬರಕೊಳ್ಳಲೇನು ಎಂದು ಅವಳು ನಕ್ಕು ಇಟ್ಟಳು.

"ನಂದಿನಿ ಯಾವ ಕಾಲೇಜ್ರಿ?" ಹೇಮಾ ಕೇಳಿದಳು.

"ಇಲ್ಲೇ. ಪ್ರೈವೇಟು."

"ಹ್ಞೂಂ," ಎಂದಳು. ಆಮೇಲೆ ಬಳ್ಳಾರಿ ಬರುವ ತನಕ ಮಾತಾಡಲಿಲ್ಲ. ಸುಭಾಷ್ ಕಿಟಕಿಯ ಹೊರಗೆ ನೋಡಿದ. ಇತ್ತೀಚೆಗೆ ತನ್ನ ದಿನವನ್ನೇ ಅವನು ನಡಾವಳಿಯಂತೆ ಓದುತ್ತಿದ್ದ: ಸದರಿಯವರು ಮೌನ ವಹಿಸಿದರು. ಸದರಿ ಮೌನವನ್ನು ದಾಖಲಿಸಿಕೊಳ್ಳಲಾಯಿತು.

ಕಂಟೋನ್ಮೆಂಟಿನ ಬಂಗಲೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಟಪಾಲು ವಿಭಾಗದ ನಾಗಲಕ್ಷ್ಮಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದಳು. "ಎಲ್ಲಾ ಸರಿ ಐತಿ ಸಾರ್. ಮೊಹರಿಲ್ಲಲ್ಲ."

"ಬರುತ್ತದೆ."

"ಐದರ ತನ ರಿಜಿಸ್ಟರ್ ತೆಗೆದಿಟ್ಟಿರ್ತೀನಿ."

ಹೇಮಾ ಪಡಸಾಲೆಯ ಬೆಂಚಿನ ಮೇಲೆ ಕೂತಳು. "ಹತ್ತು ನಿಮಿಷ," ಎಂದ ಸುಭಾಷ್. ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ.

ಒತ್ತುವುದೆಂದೇ ನಿರ್ಧರಿಸಿದ್ದ. ಯಾವಾಗ ನಿರ್ಧರಿಸಿದನೋ ಅವನಿಗೇ ಹೇಳಲಾಗುತ್ತಿರಲಿಲ್ಲ. ಬಹುಶಃ ಆ 'ಹ್ಞೂಂ' ಕೇಳಿದಾಗ. ಏಳನೆಯ ಕವರನ್ನು ಮೇಜಿನ ಮೇಲೆ ಇಟ್ಟ. ಅಂಟಿನ ಅಂಚಿಗೆ ಹೆಬ್ಬೆರಳ ಉಗುರು ತೂರಿಸಿದ. ಎದೆ ಬಡಿದುಕೊಳ್ಳುತ್ತಿತ್ತು. ತಿಂಗಳುಗಳ ಮೇಲೆ ಎದೆಯ ಬಡಿತ ಕೇಳಿಸಿದ್ದು, ಅದರಿಂದ ಖುಷಿಯೇ ಆಯಿತು. ಬದುಕಿದ್ದೇನೆ ಅನ್ನಿಸಿತು.

ಒತ್ತುವ ಮೊದಲು ಯಾವುದರ ಮೇಲೆ ಒತ್ತುತ್ತಿದ್ದೇನೆ ಎಂದು ಓದುವುದು ಒಳ್ಳೆಯದು. ಪತ್ರ ತೆಗೆದುಕೊಂಡ. ಕುರ್ಚಿಯಲ್ಲಿ ಕೂತ.

ಕೊನೆಯ ವರ್ಷದ ಯಾವಳೋ ಹುಡುಗಿ ಬರೆದಿದ್ದಳು. ಬಾಗಿದ ಅಕ್ಷರ, ಸಾಲು ಮೇಲೇರಿ ಹೋಗಿತ್ತು. ಮೊದಲ ಸಾಲಿನಲ್ಲೇ 'ವಿಧ್ಯಾರ್ಥಿನಿಯರು'. ಸುಭಾಷ್ ಹುಬ್ಬು ಗಂಟಿಕ್ಕಿದ. ಇಪ್ಪತ್ತಾರು ವರ್ಷದಿಂದ ಈ ಒಂದು ಮಹಾಪ್ರಾಣವನ್ನು ಅವನು ತಿದ್ದುತ್ತ ಬಂದಿದ್ದ. ಎರಡನೆಯ ಸಾಲಿನಲ್ಲಿ 'ಅಕ್ಷೇಪಣೆ'. ಆಕ್ಷೇಪಣೆ ಮಾಡಲು ಹೊರಟವರಿಗೆ ಆ ಪದವೇ ಬರೆಯಲು ಬಾರದಿದ್ದರೆ ಹೇಗೆ? ಮೇಲಧಿಕಾರಿಗಳು ನಗುವುದಿಲ್ಲವೆ? 'ಕುರಿಗೊಡು' ಎಂದು ಒಂದು ಕಡೆ, ಊರಿನ ಹೆಸರೇ ತಪ್ಪು. ಮುಂದೆ ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ. ವಾಕ್ಯ ಎಲ್ಲೋ ಶುರುವಾಗಿ ಎಲ್ಲೋ ಮುಗಿದಿತ್ತು.

ಪತ್ರದ ನಡುವಿನಲ್ಲಿ ಒಂದು ವಾಕ್ಯ ಒಂಟಿಯಾಗಿ ನಿಂತಿತ್ತು: 'ಇದನ್ನ ಮುಚ್ಚಿದ್ರ ನಮ್ಮನ್ನ ಮನಿಯಾಗ ಕುಂದ್ರಿಸ್ತಾರ.'

ಅಲ್ಲಿ ಸ್ವಲ್ಪ ಹೊತ್ತು ನಿಂತ. ಒಳ್ಳೆಯ ವಾಕ್ಯ. ಆದರೆ ಕಡತಕ್ಕೆ ಹೋಗುವ ವಾಕ್ಯವಲ್ಲ. ಕಡತಕ್ಕೆ ಹೀಗಿರಬೇಕು: 'ಸದರಿ ಕ್ರಮದಿಂದ ನಮ್ಮ ವ್ಯಾಸಂಗಕ್ಕೆ ಅಡಚಣೆಯುಂಟಾಗುವ ಸಂಭವವಿರುತ್ತದೆ.' ಇನ್ನೂ ಸ್ವಲ್ಪ ಕೆಳಗೆ ಹೋದ. 'ನಮ್ಮ ಕಾಲೇಜು ನಮಗ ಬೇಕ್ರಿ' ಎಂದಿತ್ತು. 'ಕಾಲೇಜಿನ ಸ್ವತಂತ್ರ ಅಸ್ತಿತ್ವವನ್ನು ಮುಂದುವರಿಸುವಂತೆ ಕೋರಲಾಗಿದೆ.' ಈಗ ಸರಿಯಾಯಿತು. ಈಗ ಯಾರೂ ಬೆರಳಿಟ್ಟು ತೋರಿಸುವಂತಿಲ್ಲ. ಎಂಟು ತಿಂಗಳಿಂದ ಬೇರೆಯವರ ವಾಕ್ಯಗಳನ್ನು ಹೊತ್ತು ತಿರುಗಿದ ಮೇಲೆ, ಹೀಗೆ ಒಬ್ಬ ಹುಡುಗಿಯ ಬರಹವನ್ನು ಎದುರಿಗೆ ಇಟ್ಟುಕೊಂಡು ಕೂತದ್ದು ಅವನಿಗೆ ನಿಜವಾಗಿಯೂ ಸಂತೋಷ ಕೊಟ್ಟಿತು. ಹೊರಗೆ ಕಾಗೆ ಕೂಗುತ್ತಿತ್ತು. ಯಾವುದೋ ಹಳೆಯ ಮಧ್ಯಾಹ್ನದಲ್ಲಿ, ಉತ್ತರ ಪತ್ರಿಕೆಗಳ ಮಧ್ಯೆ ಕೂತಂತಿತ್ತು.

ಕೊನೆಗೆ ಮುಟ್ಟಿದಾಗ ಅವನ ಕೈ ತಾನಾಗಿಯೇ ಒಂದು ಸರಿ ಗುರುತು ಹಾಕಿತು. ಅದರ ಕೆಳಗೆ ಕಿರುಸಹಿ ಮಾಡಿತು. ತಾರೀಖು ಬರೆಯಿತು.

ಆಮೇಲೆ ಅವನು ಕೈಯನ್ನು ನೋಡಿದ. ಕೈಯಲ್ಲಿ ಕೆಂಪು ಪೆನ್ನಿತ್ತು.

ಪತ್ರ ಮೇಲಿಂದ ಕೆಳತನಕ ಕೆಂಪಗಾಗಿತ್ತು. ಹೊಡೆದ ಗೆರೆಗಳು, ಸುತ್ತಿದ ಅಕ್ಷರಗಳು, ಅಂಚಿನಲ್ಲಿ ಅವನ ಅಚ್ಚುಕಟ್ಟಾದ ವಾಕ್ಯಗಳು. ಮನಿಯಾಗ ಎಂಬುದರ ಮೇಲೆ ಎರಡು ಗೆರೆ ಬಿದ್ದಿದ್ದವು. ಗಂಟೆ ನಾಲ್ಕು ನಲವತ್ತು.

ಇಂಟರ್‌ಕಾಮ್ ಎತ್ತಿದ. "ನಾಗಲಕ್ಷ್ಮಿ, ತಿದ್ದುಪಡಿ ಇರೋ ಪತ್ರ ತಗೊಳ್ತೀರಾ?"

"ತಗೋತೀವ್ರಿ. ಪ್ರತಿ ತಿದ್ದುಪಡಿಗೂ ಪ್ರಾಂಶುಪಾಲರು ಕಿರುಸಹಿ ಹಾಕಿರ್ಬೇಕು. ಎಷ್ಟದಾವ್ರಿ?"

ಸುಭಾಷ್ ಇಂಟರ್‌ಕಾಮ್ ಇಟ್ಟ. ವಿರೂಪಮ್ಮ ಕುರುಗೋಡಿನಲ್ಲಿದ್ದರು. ಅವರ ಒಂದೇ ಒಂದು ಸಹಿ ಈ ಹಾಳೆಯ ಮೇಲಿತ್ತು, ಅವನ ಸರಿ ಗುರುತಿನ ಪಕ್ಕದಲ್ಲಿ. ಹೊಸ ಹಾಳೆಯಲ್ಲಿ ಬರೆಸಬಹುದು. ಸಹಿ ಎಲ್ಲಿಂದ ತರುವುದು? ವೈಟ್‌ನರ್ ಹಚ್ಚಬಹುದು, ಹಚ್ಚಿದ್ದೂ ತಿದ್ದುಪಡಿಯೇ. ಹಾಗೇ ಮೊಹರು ಒತ್ತಿ, ಏನಾದರೂ ಆಗಲಿ ಎಂದು ಒಳಗೆ ಕೊಟ್ಟುಬಿಡಬಹುದು. ಅದೂ ಒಂದು ದಾರಿಯೇ. ಅವನು ಆ ದಾರಿಯ ಬಗ್ಗೆ ಯೋಚಿಸುತ್ತ ಕೂತ. ಯೋಚನೆ ಚೆನ್ನಾಗಿಯೇ ಸಾಗಿತು. ಗಡಿಯಾರದ ಮುಳ್ಳೂ ಸಾಗಿತು.

ಐದಕ್ಕೆ ಎಂಟು ನಿಮಿಷವಿರುವಾಗ ಹೊರಗೆ ಬಂದು ಪತ್ರವನ್ನು ಹೇಮಾಳ ಕೈಗೆ ಕೊಟ್ಟ.

ಅವಳು ಮೊದಲು ಮೊಹರಿಗಾಗಿ ಹುಡುಕಿದಳು. ಆಮೇಲೆ ಓದಿದಳು. ನಿಧಾನವಾಗಿ, ಕರಿಯ ಸಾಲನ್ನೂ ಕೆಂಪು ಸಾಲನ್ನೂ ಒಂದಾದ ಮೇಲೊಂದು.

"ಅಭ್ಯಾಸ," ಎಂದ ಸುಭಾಷ್. "ಗೊತ್ತಾಗಲಿಲ್ಲ."

ಅವಳು ಹಾಳೆ ತಿರುಗಿಸಿ ನೋಡಿದಳು. ಮತ್ತೆ ಈ ಕಡೆ ತಿರುಗಿಸಿದಳು.

"ಎಷ್ಟು ಮಾರ್ಕ್ಸ್ ಬಂದ್ವು ಸಾರ್?"

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸುಭಾಷ್‌ಗೆ ಉತ್ತರ ಹೇಳಲು ಬರುತ್ತಿತ್ತು. ಮೂರು ವರ್ಷದ ನಂತರ ಹೊಸ ಸಮಿತಿ ಬರಬಹುದು, ಮನವಿಗೆ ಬೇರೆ ಅವಕಾಶಗಳಿರುತ್ತವೆ, ನ್ಯಾಯಾಲಯವಿದೆ ಎಂದು ಏನೇನೋ ಹೇಳಿದ. ಪುಸ್ತಕದ ಕನ್ನಡ ನಿಲ್ಲದೆ ಬರುತ್ತಿತ್ತು. ಅವಳು ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡಳು.

ಅವನು ಕಾದ. ಆತು ಬಿಡ್ರಿ ಎನ್ನುತ್ತಾಳೆ ಎಂದು ಕಾದ. ಯಾವ ಅರ್ಥದಲ್ಲಾದರೂ ಸರಿ, ಅಂದುಬಿಟ್ಟರೆ ಸಾಕಿತ್ತು.

ಅನ್ನಲಿಲ್ಲ. ಮೆಟ್ಟಿಲಿಳಿದು, ಗೇಟು ದಾಟಿ, ಬಸ್‌ಸ್ಟ್ಯಾಂಡಿನ ಕಡೆಗೆ ಹೋದಳು. ಆಟೋ ಒಂದು ನಿಂತಿತು. ಹತ್ತಲಿಲ್ಲ.

ಐದು ದಾಟಿ ಹತ್ತು ನಿಮಿಷಕ್ಕೆ ನಾಗಲಕ್ಷ್ಮಿ ಅವನ ಕೋಣೆಗೆ ಬಂದಳು. ಕೈಯಲ್ಲಿ ಇಂಕ್ ಪ್ಯಾಡು, ಬ್ಲೇಡು, ಒಂದು ಬಿಳಿ ಹಾಳೆ. "ಮೊಹರು ಇವತ್ತೇ ರದ್ದು ಮಾಡ್ಬೇಕಂತ ಬೆಂಗಳೂರಿಂದ ಫೋನ್ ಬಂದೈತ್ರಿ. ನೀವು ಸಾಕ್ಷಿ."

"ಹಾಳೆ ಯಾಕೆ?"

"ಕಂಡಿಕೆ ಒಂಬತ್ತು ಸಾರ್." ಅವಳಿಗೆ ಬಾಯಿಪಾಠವಾಗಿತ್ತು. "ರದ್ದುಪಡಿಸುವ ಮುನ್ನ ಪ್ರತಿ ಮೊಹರಿನ ಅಚ್ಚೊಂದನ್ನು ಹಾಳೆಯ ಮೇಲೆ ಪಡೆದು ದಾಖಲೆಗೆ ಇಡತಕ್ಕದ್ದು. ನೀವ ಬರ್ದಿದ್ದಲ್ಲ?"

ಅವನೇ ಬರೆದದ್ದು. ಮರೆತಿದ್ದ. ಯಾವ ಹಾಳೆ ಎಂದು ಕಂಡಿಕೆ ಹೇಳಿರಲಿಲ್ಲ. ಬಿಳಿ ಹಾಳೆಯೇ ಆಗಬೇಕೆಂದು ಎಲ್ಲಿಯೂ ಇರಲಿಲ್ಲ. ಬೆಳಿಗ್ಗೆ ಹನ್ನೊಂದೂವರೆಯಿಂದ ಐದರ ತನಕ, ಯಾವ ಹಾಳೆಯ ಮೇಲಾದರೂ, ನಿಯಮದ ಪ್ರಕಾರವೇ, ಅವನು ಆ ಮೊಹರನ್ನು ಒತ್ತಬಹುದಾಗಿತ್ತು.

ನಾಗಲಕ್ಷ್ಮಿ ಕವರುಗಳನ್ನು ಒಂದೊಂದಾಗಿ ಹರಿದಳು. ಒಂದೊಂದನ್ನೂ ಪ್ಯಾಡಿಗೆ ತಾಗಿಸಿ, ಹಾಳೆಯ ಮೇಲಿಟ್ಟು, ಅಂಗೈಯಿಂದ ಒತ್ತಿ ಎತ್ತಿದಳು. ಆಮೇಲೆ ರಬ್ಬರಿನ ಮುಖದ ಮೇಲೆ ಅಡ್ಡಡ್ಡ ಬ್ಲೇಡು ಎಳೆದು ಬುಟ್ಟಿಗೆ ಹಾಕಿದಳು. ಕೆಲಸ ಬಲ್ಲ ಕೈ. ಏಳೂ ಐದು ನಿಮಿಷದಲ್ಲಿ ಮುಗಿದವು.

"ಕೆಳಗ ಸಹಿ ಮಾಡ್ರಿ ಸಾರ್. ನಾ ಬಸ್ಸಿಗೆ ಹೋಗ್ಬೇಕು."

ಹಾಳೆಯನ್ನು ಅವನ ಮುಂದೆ ಸರಿಸಿದಳು. ಮೂರು, ಮೂರು, ಒಂದು ಎಂದು ಏಳು ನೀಲಿ ವೃತ್ತಗಳು. ಕೊನೆಯದು ಕುರುಗೋಡು, ಅಕ್ಷರ ಅಕ್ಷರ ಸ್ಪಷ್ಟವಾಗಿ ಮೂಡಿತ್ತು, ಮಸಿ ಇನ್ನೂ ಹಸಿಯಿತ್ತು. ವೃತ್ತಗಳ ಮೇಲೆ ಏನೂ ಬರೆದಿರಲಿಲ್ಲ. ಕೆಳಗೂ ಏನೂ ಬರೆದಿರಲಿಲ್ಲ.

ಸುಭಾಷ್ ಪೆನ್ನಿನ ಮುಚ್ಚಳ ತೆಗೆದ. ತೆಗೆದ ಮೇಲೆ ಅದು ಕೆಂಪು ಎಂದು ಗೊತ್ತಾಯಿತು. ಅವನ ಕಣ್ಣು ಹಾಳೆಯ ಎಡ ತುದಿಯಿಂದ ಹೊರಟು ಬಲಕ್ಕೆ ಹೋಗಿ, ಒಂದು ಸಾಲು ಕೆಳಗಿಳಿದು, ಮತ್ತೆ ಎಡದಿಂದ ಬಲಕ್ಕೆ ಹೋಯಿತು. ಹಾಗೇ ಕೊನೆಯ ತನಕ ಇಳಿದುಬಂತು. ನಾಗಲಕ್ಷ್ಮಿ ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಳು. ಇಡೀ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ.